ಬೇರೆ ರಾಜ್ಯದಿಂದ ಹುಬ್ಬಳ್ಳಿಗೆ ಬಂದ ಕಟ್ಟಡ ಕೆಲಸಗಾರರ ಹಕ್ಕಿಗಾಗಿ ನಾವು ಊರಿನವರು ಏನು ಮಾಡಬಹುದು?

ಮೊದಲು ಲೇಬರ್ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರ ನೋಂದಣಿ ಕಾರ್ಡ್, ಮಾಡಿಸಿಕೊಡಿ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಇಲ್ಲೇ ಹುಟ್ಟಿರಬೇಕಿಲ್ಲ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ತೊಡಕಿರುವುದು ಆ 90 ದಿನ ಕೆಲಸ ಮಾಡಿದ್ದಾರೆಂದು ತೋರಿಸುವ ಪತ್ರದಲ್ಲೇ. ಸೈಟು ಬದಲಾಗುತ್ತಲೇ ಇದ್ದರೆ ಸಹಿ ಹಾಕುವವರು ಯಾರು? ಅದಕ್ಕೇ ಭಾನುವಾರ ಗೋಕುಲ ರಸ್ತೆ, ಕೇಶ್ವಾಪುರದ ಸೈಟುಗಳಿಗೆ ಹೋಗಿ. ಹಾಜರಿ ಬರೆದಿಡಲು ಹೇಳಿಕೊಡಿ. ಹಿಂದಿ ಬಲ್ಲವರೊಬ್ಬರು ಜೊತೆಗಿದ್ದರೆ ಭಯ ಕಡಿಮೆಯಾಗುತ್ತದೆ, ಅಲ್ವಾ?

ಅವರೂರಿನ ರೇಷನ್ ಕಾರ್ಡ್ ಇಲ್ಲೂ ನಡೆಯುತ್ತದೆ. ಟಿಸಿ ಇಲ್ಲವೆಂದು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ವಾಪಸ್ ಕಳಿಸುವಂತಿಲ್ಲ.

ರಾಜ್ಯದ ಮಟ್ಟದಲ್ಲಿ ಒಂದೇ ಬೇಡಿಕೆ ಹಿಡಿಯಿರಿ: ಲೇಬರ್ ಕಾರ್ಡಿನ ಅರ್ಜಿ ಹಿಂದಿ, ಒಡಿಯಾದಲ್ಲೂ ಸಿಗಲಿ. 2023ರಲ್ಲಿ ಕಾರ್ಮಿಕ ಸಚಿವರಾದ ಸಂತೋಷ್ ಲಾಡ್ ನಮ್ಮ ಕಲಘಟಗಿಯ ಶಾಸಕರು. ಮನವಿ ಕೊಡಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ.