ಸುಕ್ರೋಸ್ (ನಾವು ದಿನಾ ಬಳಸುವ ಸಕ್ಕರೆ) ಬೆನೆಡಿಕ್ಟ್ ಪರೀಕ್ಷೆಯಲ್ಲಿ (ತಾಮ್ರವಿರುವ ನೀಲಿ ದ್ರಾವಣದ ಜೊತೆ ಕಾಯಿಸಿ ನೋಡುವ ಪರೀಕ್ಷೆ) ಬಣ್ಣ ಕೊಡುವುದಿಲ್ಲ, ಇನ್ವರ್ಟೇಸ್ ಎಂಬ ಕಿಣ್ವ ಹಾಕಿದ ಮೇಲೆ ಕೊಡುತ್ತದೆ. ಯಾಕೆ?

ಬಂಧ ಎಲ್ಲಿದೆ ಅಂತ ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ.

ಸುಕ್ರೋಸ್ ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ನ ಜೋಡಿ. ಬೇರೆ ಬೇರೆ ಇದ್ದಾಗ ಎರಡೂ ಬೆನೆಡಿಕ್ಟ್ ದ್ರಾವಣದ ತಾಮ್ರವನ್ನು ಅಪಕರ್ಷಿಸಿ (ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು) ಇಟ್ಟಿಗೆ ಕೆಂಪು ಬಣ್ಣ ತರುತ್ತವೆ. ಅದಕ್ಕೆ ಸಕ್ಕರೆಯ ಉಂಗುರ ಬಿಚ್ಚಿಕೊಳ್ಳಬೇಕು, ಅದು ಬಿಚ್ಚುವುದು ಅನೋಮೆರಿಕ್ ಇಂಗಾಲದ ಹತ್ತಿರ: ಗ್ಲೂಕೋಸ್‌ನಲ್ಲಿ 1ನೇ ಇಂಗಾಲ, ಫ್ರಕ್ಟೋಸ್‌ನಲ್ಲಿ 2ನೆಯದು. ಸುಕ್ರೋಸ್‌ನಲ್ಲಿ ಇವೆರಡೇ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಯಾವ ಉಂಗುರವೂ ಬಿಚ್ಚುವುದಿಲ್ಲ, ದ್ರಾವಣ ನೀಲಿಯಾಗಿಯೇ ಉಳಿಯುತ್ತದೆ. ಲ್ಯಾಕ್ಟೋಸ್ ಕೂಡ ಎರಡು ಸಕ್ಕರೆಗಳ ಜೋಡಿಯೇ ಅಲ್ವಾ, ಆದರೆ ಅದರಲ್ಲಿ ಗ್ಲೂಕೋಸ್ ಸೇರಿಕೊಂಡಿರುವುದು 4ನೇ ಇಂಗಾಲದಿಂದ, 1ನೆಯದು ಬಿಡುವಾಗಿದೆ, ಅದಕ್ಕೇ ಅದು ಕಿಣ್ವ ಇಲ್ಲದೆಯೂ ಬಣ್ಣ ಕೊಡುತ್ತದೆ.

ಇನ್ವರ್ಟೇಸ್ ಮಾಡುವುದು ಇಷ್ಟೇ: ಒಂದು ನೀರಿನ ಅಣು ಬಳಸಿ ಆ ಬಂಧ ಕಡಿಯುತ್ತದೆ. ಲೆಕ್ಕ ಕೇಳಿದರೆ ಈ ನೀರನ್ನು ಮರೆಯಬೇಡಿ, ಜಾಸ್ತಿ ಜನ ಅಂಕ ಕಳೆದುಕೊಳ್ಳುವುದು ಇಲ್ಲೇ. 342 ಗ್ರಾಂ ಸುಕ್ರೋಸ್ ಪೂರ್ತಿ ಒಡೆದರೆ 180 ಗ್ರಾಂ ಗ್ಲೂಕೋಸ್, 180 ಗ್ರಾಂ ಫ್ರಕ್ಟೋಸ್, ಒಟ್ಟು 360. ಹೆಚ್ಚಿಗೆ ಬಂದ 18 ಗ್ರಾಂ ನೀರಿನದ್ದು.

ಪ್ರಶ್ನೆಯಲ್ಲಿ "ಕುದಿಸಿದ ಇನ್ವರ್ಟೇಸ್" ಅಂತ ಕೊಟ್ಟಿದ್ದರೆ ಉತ್ತರ ತಿರುಗುತ್ತದೆ. ಕಿಣ್ವ ಒಂದು ಪ್ರೋಟೀನು, ಕುದಿಸಿದಾಗ ಅದರ ಆಕಾರ ಕೆಡುತ್ತದೆ, ಸುಕ್ರೋಸ್ ಕೂರುವ ಜಾಗವೇ ಹಾಳಾಗುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ನೀಲಿಯೇ. ಸುಕ್ರೋಸನ್ನೇ ನೀರು ಬೆರೆಸಿ ತೆಳು ಮಾಡಿದ ಆಮ್ಲದ ಜೊತೆ ಕಾಯಿಸಿದ್ದರೆ ಮಾತ್ರ ಬೇರೆ, ಆಮ್ಲವೂ ಈ ಬಂಧವನ್ನು ಒಡೆಯುತ್ತದೆ.