ಅಂಡಮಾನಿನಲ್ಲಿ ಹೆಸರಿಲ್ಲದಿದ್ದರೆ ಅಜ್ಜಿ ಹೇಳಿದ್ದು ಸುಳ್ಳಾಗುವುದಿಲ್ಲ

ಸಂಪಾಜೆ ಕಡೆಯ ಓದುಗರೇ,

ಪತ್ರ ಓದಿದೆ. 1837ರಲ್ಲಿ ಕೊಡಗು, ಸುಳ್ಯ ಕಡೆ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ದಂಗೆ ಅಡಗಿದ ಮೇಲೆ ನಿಮ್ಮ ಮನೆಯ ಹಿರಿಯರೊಬ್ಬರನ್ನು ಕರಿನೀರಿಗೆ, ಅಂದರೆ ಸಮುದ್ರದಾಚೆಗೆ ಗಡೀಪಾರು ಮಾಡಿ, ಕಳಿಸಿದರು ಅಂತ ಅಜ್ಜಿ ಹೇಳುತ್ತಿದ್ದರಂತೆ. ನೀವು ಪೋರ್ಟ್‌ಬ್ಲೇರಿಗೆ ಹೋಗಿ ಸೆಲ್ಯುಲಾರ್ ಜೈಲಿನ ಹೆಸರಿನ ಫಲಕಗಳನ್ನೆಲ್ಲ ನೋಡಿ ಬಂದಿರಿ. ಹೆಸರು ಸಿಗಲಿಲ್ಲ. ಹಾಗಾದರೆ ಇದು ಸುಮ್ನೆ ಹುಟ್ಟಿದ ಕಥೆಯಾ ಎಂದು ಕೇಳಿದ್ದೀರಿ.

ಅಜ್ಜಿಯ ಮಾತನ್ನು ಅಷ್ಟು ಬೇಗ ಬಿಡಬೇಡಿ. ಅಂಡಮಾನಿಗೆ ಕೈದಿಗಳನ್ನು ಸತತವಾಗಿ ಸಾಗಿಸತೊಡಗಿದ್ದೇ 1858ರಲ್ಲಿ. ಸೆಲ್ಯುಲಾರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ನಿಮ್ಮ ಹಿರಿಯರ ಕಾಲಕ್ಕೆ ಕೈದಿಗಳ ಹಡಗು ಹೋಗುತ್ತಿದ್ದದ್ದು ಸಿಂಗಾಪುರ, ಪೆನಾಂಗ್, ಮಲಕ್ಕಾ, ಬರ್ಮಾದ ಕಡಲತೀರದ ಕಡೆಗೆ. ಹುಡುಕಬೇಕಾದದ್ದು ಅಲ್ಲಿ.

ಆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗಡೀಪಾರಾದವರನ್ನು ಮಾತ್ರ ನೆನೆಯುವವರು ಕಡಿಮೆ. ಇದು ನನಗೆ ಬಹಳ ನೋವಿನ ವಿಷಯ. ಅವರೂ ಮನೆ, ಗದ್ದೆ, ಹೆಂಡತಿ ಮಕ್ಕಳನ್ನು ಬಿಟ್ಟು ಹೋದವರೇ ಅಲ್ವಾ?

ಅಲ್ಲಿ ಬದುಕು ಹೇಗಿತ್ತು? ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧದ ಹೆಸರನ್ನೇ ಹಚ್ಚೆ ಹಾಕುತ್ತಿದ್ದರು. ಆ ಕ್ರೂರ ಪದ್ಧತಿ ನಿಂತದ್ದು 1849ರಲ್ಲಿ. ಸಿಂಗಾಪುರದಲ್ಲಿ ಕಾಡು ಕಡಿದು ರಸ್ತೆ ಮಾಡಿದವರು, ಇಟ್ಟಿಗೆ ಸುಟ್ಟವರು ಈ ಕೈದಿಗಳೇ. ಅಲ್ಲಿನ ಸೇಂಟ್ ಆಂಡ್ರೂಸ್ ಚರ್ಚನ್ನು 1850ರ ದಶಕದಲ್ಲಿ ಕಟ್ಟತೊಡಗಿದವರೂ ಅವರೇ. ಒಳಗೋಡೆಯ ಗಾರೆಗೆ ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ ಭಾಗ, ಬೆಲ್ಲ ಹಾಕಿ, ತೆಂಗಿನ ಸಿಪ್ಪೆ ನೆನೆಸಿದ ನೀರಲ್ಲಿ ಕಲಸಿದರು. ಮದ್ರಾಸು ಕಡೆಯ ಗಾರೆ ಕೆಲಸ ಅದು. ನಿಮ್ಮ ಹಿರಿಯರು ಅಲ್ಲೇ ದುಡಿದರು ಅಂತ ನಾನು ಹೇಳುತ್ತಿಲ್ಲ. ಅಂಥವರ ದಿನಗಳು ಹೀಗೆ ಕಳೆದವು. ವರ್ಷಗಟ್ಟಲೆ ಒಳ್ಳೆಯ ನಡತೆ ತೋರಿಸಿದವರಿಗೆ ಹೊರಗೆ ದುಡಿದು ಬದುಕಲು ಪರವಾನಗಿ ಸಿಗುತ್ತಿತ್ತು. ಎಷ್ಟೋ ಜನ ಅಲ್ಲೇ ಮದುವೆಯಾಗಿ ನೆಲೆಸಿದರು. ನಿಮ್ಮ ನೆಂಟರು ಅಲ್ಲಿದ್ದರೂ ಇರಬಹುದು.

ದಾಖಲೆ ಹುಡುಕುವ ಮೊದಲು ಒಂದನ್ನು ತಿಳಿದುಕೊಳ್ಳಿ: ಅವರನ್ನು ಹಿಡಿದದ್ದು ಘಟ್ಟದ ಮೇಲೋ, ಕೆಳಗೋ? 1834ರಲ್ಲಿ ಕಂಪನಿ ಸರ್ಕಾರ ಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ತೆಗೆದು ಮದ್ರಾಸ್ ಪ್ರಾಂತದ ಕೆನರಾ ಜಿಲ್ಲೆಗೆ ಸೇರಿಸಿತ್ತು. ಕೆಳಗೆ ಸಿಕ್ಕಿದವರ ಕಾಗದಗಳನ್ನು ಮದ್ರಾಸಿನ ದಾಖಲೆಗಳಲ್ಲಿ, ಅಂದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ನೋಡಬೇಕು. ಮೇಲೆ, ಕೊಡಗಿನಲ್ಲಿ ಸಿಕ್ಕಿದ್ದರೆ, ಕೊಡಗನ್ನೂ ನೋಡಿಕೊಳ್ಳುತ್ತಾ ಬೆಂಗಳೂರಿನಲ್ಲಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಕಲ್ಕತ್ತೆಯ ಕಂಪನಿ ಸರ್ಕಾರದೊಂದಿಗೆ ನಡೆಸಿದ ಪತ್ರವ್ಯವಹಾರ ನೋಡಿ. ಅದಕ್ಕೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಆ ಕಾಲದ ಆಡಳಿತದ ಕಾಗದಗಳು ಸಿಂಗಾಪುರದ ರಾಷ್ಟ್ರೀಯ ಪತ್ರಾಗಾರದಲ್ಲೂ ಇವೆ.

ಹೆಸರೊಂದನ್ನೇ ನಂಬಬೇಡಿ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ಮನೆಹೆಸರು ಬಿಟ್ಟುಹೋಗಿರಬಹುದು. ತಂದೆಯ ಹೆಸರು, ಜಾತಿ, ಮೈಮೇಲಿನ ಗುರುತು ಜಾಸ್ತಿ ಸಹಾಯ ಮಾಡುತ್ತವೆ. ಇವನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿ ಯಾರಾದರೂ ಇದ್ದರೆ ಈ ವಾರವೇ ಕೂತು ಬರೆದುಕೊಳ್ಳಿ. ನಮಗೂ ಒಂದು ಪ್ರತಿ ಕಳಿಸಿ, ಪತ್ರಾಗಾರಗಳಿಗೆ ಬರೆಯಬೇಕಾದ ಅರ್ಜಿಯನ್ನು ಒಟ್ಟಿಗೆ ತಯಾರಿಸೋಣ.

– ಸಂಪಾದಕ