ಹನ್ನೊಂದು ಆರ್ಡರ್, ಮೂರು ಅಡ್ವಾನ್ಸ್

(ಗುರುತು ಸಿಗದಂತೆ ವಯಸ್ಸು, ಬಡಾವಣೆ, ಹಿಂದಿನ ಕೆಲಸದ ವಿವರ ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದವರು 28ರ ಯುವತಿ. ಅನಿಮೇಷನ್ ಕಂಪನಿ ಬಿಟ್ಟು ಎಂಟು ತಿಂಗಳಾಗಿದೆ. ಬೆಂಗಳೂರಿನ ಹನುಮಂತನಗರದ ಮನೆಯಲ್ಲೇ ಕೂತು, ಇನ್‌ಸ್ಟಾಗ್ರಾಂನಲ್ಲಿ ಬರುವ ಪೆನ್ಸಿಲ್ ಭಾವಚಿತ್ರದ ಆರ್ಡರ್‌ಗಳನ್ನು ಮಾಡಿಕೊಡುತ್ತಾರೆ. ಅವರ ದೂರು: "ಮೊಬೈಲ್ ಟಿಣ್ ಅಂದ್ರೆ ಹೊಟ್ಟೆ ತೊಳಸುತ್ತೆ ಮೇಡಂ. ವಾಟ್ಸಾಪ್ ಓಪನ್ ಮಾಡದೆ ನಾಲ್ಕು ದಿನ ಆಯ್ತು. ಅಮ್ಮ ಸೋಮಾರಿ ಅಂತಾರೆ. ಇದ್ರೂ ಇರಬಹುದು."

ನಿದ್ದೆ, ಊಟ, ಸಾಯುವ ಯೋಚನೆ ಇವುಗಳ ಬಗ್ಗೆ ಮೊದಲು ನೇರವಾಗಿಯೇ ಕೇಳಲಾಯಿತು. ಮಲಗುವುದು ರಾತ್ರಿ ಎರಡಕ್ಕೆ ಜಾರಿತ್ತು, ಉಳಿದದ್ದು ಸರಿಯಿತ್ತು. ಚಿತ್ರಕ್ಕೆ ಕೂತರೆ ಈಗಲೂ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಎಂದರು. ಸುಳಿವು ಅಲ್ಲೇ ಇತ್ತು: ಬೇಸರ ಚಿತ್ರ ಬಿಡಿಸುವುದರ ಮೇಲಲ್ಲ, ಗಿರಾಕಿಯ ಜೊತೆಗಿನ ಮಾತಿನ ಮೇಲೆ. ಆದರೂ ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು, ರಾತ್ರಿ ಗಾಬರಿ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು ಎಂದು ಚೀಟಿ ಬರೆದುಕೊಡಲಾಯಿತು.

ಆಮೇಲೆ ಒಂದು ಹಾಳೆ ಕೊಟ್ಟು ಬಾಕಿ ಆರ್ಡರ್‌ಗಳನ್ನು ಬರೆಸಿದೆವು: ಯಾರು, ಏನು, ಎಷ್ಟಕ್ಕೆ, ಬಂದದ್ದೆಷ್ಟು, ಹೇಳಿದ ತಾರೀಖು. ಒಟ್ಟು ಹನ್ನೊಂದು. ಅಡ್ವಾನ್ಸ್ ಬಂದಿದ್ದು ಮೂರಕ್ಕೆ. ಎರಡು ನೆಂಟರವು, ಪುಕ್ಕಟೆ. ಉಳಿದ ಆರಕ್ಕೆ "ಮಾಡಿಕೊಡ್ತೀನಿ" ಎಂಬ ಮಾತು ಬಿಟ್ಟರೆ ಬೇರೇನೂ ಇಲ್ಲ. ತಾರೀಖಿನ ಕಾಲಂ ಪೂರ್ತಿ ಖಾಲಿ.

ದರದ ಲೆಕ್ಕ ಅದೇ ಹಾಳೆಯ ಹಿಂಬದಿಗೆ. ಎ4 ಅಳತೆಯ ಜೋಡಿ ಭಾವಚಿತ್ರಕ್ಕೆ ಅವರು ಕೇಳುತ್ತಿದ್ದದ್ದು 800 ರೂಪಾಯಿ. ಬಿಡಿಸಲು ಒಂಬತ್ತು ಗಂಟೆ, ಮೆಸೇಜಿಗೆ ಒಂದೂವರೆ, ಪ್ಯಾಕಿಂಗ್ ಮತ್ತು ಕೊರಿಯರ್ ಅಂಗಡಿಗೆ ಒಂದು. ಕಾಗದ, ಪೆನ್ಸಿಲ್ಲಿಗೆ 90, ರಟ್ಟು, ಟೇಪಿಗೆ 60, ಕೊರಿಯರ್‌ಗೆ 120. ಉಳಿದ 530ನ್ನು ಹನ್ನೊಂದೂವರೆಯಿಂದ ಭಾಗಿಸಿದರೆ ಗಂಟೆಗೆ 46 ರೂಪಾಯಿ. ಅವರು ಸುಮ್ಮನಾದರು.

ಈ 800 ಬಂದದ್ದೆಲ್ಲಿಂದ ಎಂದು ಕೇಳಿದಾಗ ಕುಮಾರಕೃಪಾ ರಸ್ತೆಯ ಚಿತ್ರಸಂತೆಯ ಹೆಸರು ಹೇಳಿದರು. ಅಲ್ಲಿ ಎದುರಿಗೆ ಕೂರಿಸಿಕೊಂಡು ಮುಖ ಬರೆಯುವವರ ದರ ನೋಡಿ, ಅದಕ್ಕೊಂದಿಷ್ಟು ಸೇರಿಸಿದ್ದರಂತೆ. ಇದು ಬಹಳ ಜನ ಮಾಡುವ ತಪ್ಪು. ಸಂತೆಯ ಸ್ಕೆಚ್ ನಿಂತ ಹೆಜ್ಜೆಯಲ್ಲಿ ಮುಗಿಯುತ್ತದೆ. ತಿದ್ದುಪಡಿ ಇಲ್ಲ, ಕೊರಿಯರ್ ಇಲ್ಲ, "ಅಮ್ಮನ ಮೂಗು ಸ್ವಲ್ಪ ಸಣ್ಣ ಮಾಡಿ" ಎಂದು ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜೂ ಇಲ್ಲ. ಗಂಟೆಗೆ 200ರಂತೆ ಹಿಡಿದರೂ 2,300, ಖರ್ಚು 270 ಸೇರಿ 2,570. ಜೋಡಿ ಚಿತ್ರಕ್ಕೆ 2,600, ಹೆಚ್ಚಿನ ಪ್ರತಿ ಮುಖಕ್ಕೆ 900 ಎಂದು ನಿಗದಿಯಾಯಿತು.

ನಾಚಿಕೆ ಸ್ವಭಾವದವರಿಗೆ "ಧೈರ್ಯವಾಗಿ ಇಲ್ಲ ಅನ್ನಿ" ಎಂದು ಹೇಳಿಕೊಡುವುದರಿಂದ ಹೆಚ್ಚೇನೂ ಆಗುವುದಿಲ್ಲ. ಆ ಮಾತನ್ನು ಅಂಗಡಿಯ ಪುಟವೇ ಹೇಳುವಂತೆ ಕಟ್ಟಿಕೊಟ್ಟರೆ ಆಗುತ್ತದೆ. ಹಾಗಾಗಿ ಎರಡನೇ ಭೇಟಿ ಪೂರ್ತಿ ಅಂಗಡಿ ಕೆಲಸಕ್ಕೇ ಹೋಯಿತು.

ಆರ್ಡರ್ ಇನ್‌ಸ್ಟಾಗ್ರಾಂ ಮೆಸೇಜಿನಲ್ಲಿ ಬೇಡ, ಗೂಗಲ್ ಫಾರಂನಲ್ಲಿ ಮಾತ್ರ. ಅಳತೆ, ಮುಖಗಳ ಸಂಖ್ಯೆ, ಬೇಕಾದ ತಾರೀಖು, ವಿಳಾಸ, ಕೊನೆಗೆ "ನಿಯಮ ಓದಿದ್ದೇನೆ" ಎಂಬ ಟಿಕ್. ಹೊಸ ಸಿಮ್ಮಿನಲ್ಲಿ ವಾಟ್ಸಾಪ್ ಬಿಸಿನೆಸ್: ಕ್ಯಾಟಲಾಗಿನಲ್ಲಿ ದರ ಸಮೇತ ಮೂರೇ ಬಗೆ, ರಾತ್ರಿ ಎಂಟರ ನಂತರ ತಾನಾಗಿ ಹೋಗುವ ಉತ್ತರ. ವಾರಕ್ಕೆ ನಿಜವಾಗಿ ಸಿಗುವುದು 24 ಗಂಟೆ, ಅಂದರೆ ತಿಂಗಳಿಗೆ ಎಂಟು ಚಿತ್ರ. ತೆರೆಯುವುದು ಆರೇ ಸ್ಲಾಟ್. ಉಳಿದೆರಡು ಜ್ವರಕ್ಕೆ, ಹಬ್ಬಕ್ಕೆ. ಆರು ತುಂಬಿದೊಡನೆ ಫಾರಂ ಮುಚ್ಚಬೇಕು. ಏಳು ದಿನಕ್ಕಿಂತ ಕಡಿಮೆ ಸಮಯವಿದ್ದರೆ ಆರ್ಡರ್ ಇಲ್ಲ, ಗೃಹಪ್ರವೇಶವಿರಲಿ, ನಾಮಕರಣವಿರಲಿ.

ಹಣ ಎರಡು ಕಂತು. ಅರ್ಧ ಬಂದ ಮೇಲೆಯೇ ರಫ್ ಸ್ಕೆಚ್. ತಿದ್ದುಪಡಿ ಎರಡು ಸಲ, ಅದೂ ರಫ್ ಹಂತದಲ್ಲೇ. ಶೇಡಿಂಗ್ ಶುರುವಾದ ಮೇಲೆ ಮುಖದ ಕೋನ ಬದಲಿಸುವುದೆಂದರೆ ಹೊಸ ಚಿತ್ರ. ಮುಗಿದಾಗ ಚಿತ್ರದ ಮೇಲೆ ಅಡ್ಡಲಾಗಿ ತಮ್ಮ ಹೆಸರು ಹಾಕಿದ ಸಣ್ಣ ಫೋಟೋ ಕಳಿಸಿ, ಬಾಕಿ ಬಂದ ಮೇಲೆ ಕೊರಿಯರ್. ಸ್ಕೆಚ್‌ಗೆ ಮುಂಚೆ ರದ್ದಾದರೆ ಪೂರ್ತಿ ವಾಪಸ್, ಆಮೇಲಾದರೆ ಅಡ್ವಾನ್ಸ್ ವಾಪಸ್ ಇಲ್ಲ. ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ಸೀರೆ ವಾಪಸ್ ಬಂದರೆ ಇನ್ನೊಬ್ಬರಿಗೆ ಮಾರಬಹುದು, ಯಾರದೋ ಅತ್ತೆಮಾವನ ಚಿತ್ರ ಯಾರಿಗೆ ಮಾರುವುದು? "ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದವನೊಬ್ಬ ಇವರಿಗೂ ಗಂಟು ಬಿದ್ದಿದ್ದ. ಹಣ ಬರಬೇಕಾದರೆ ಪಿನ್ ಒತ್ತಬೇಕಿಲ್ಲ.

ಬ್ಯಾಂಕ್ ಖಾತೆ ಬೇರೆಯದೇ ಆಗಬೇಕು. ಇವರ ಯುಪಿಐಗೆ ತಮ್ಮನ ಕಾಲೇಜ್ ಫೀಸು, ಗೆಳತಿಯರ ಟ್ರಿಪ್ ದುಡ್ಡು, ಚಿತ್ರದ ದುಡ್ಡು ಎಲ್ಲ ಒಟ್ಟಿಗೆ ಬರುತ್ತಿತ್ತು. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ನಗರದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಯಾವುದು ವ್ಯಾಪಾರ, ಯಾವುದು ಕೈಸಾಲ ಎಂದು ಬಿಡಿಸಿ ತೋರಿಸುವ ಕಷ್ಟ ಎಲ್ಲರೂ ನೋಡಿದ್ದಾರೆ. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು; ಇವರು ಅದರ ಹತ್ತಿರಕ್ಕೂ ಇಲ್ಲ. ಪ್ರಿಂಟ್ ಮಾಡಿಸಿ ಮಾರಾಟ ತಾಣಗಳಲ್ಲಿ ಇಡುವುದಾದರೆ ನಿಯಮ ಬೇರೆ, ಮೊದಲು ಆಡಿಟರ್ ಹತ್ತಿರ ಕೇಳಬೇಕು.

ಕಲಾವಿದರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ. ಆದ್ದರಿಂದ ಫಾರಂನಲ್ಲಿ ಈ ಸಾಲು ಸೇರಿಸಲಾಯಿತು: "ಮೂಲಚಿತ್ರ ನಿಮ್ಮದು, ಕೃತಿಸ್ವಾಮ್ಯ ಕಲಾವಿದೆಯದು, ನನ್ನ ಪುಟದಲ್ಲಿ ತೋರಿಸಬಾರದೆಂದಿದ್ದರೆ ಇಲ್ಲಿ ಟಿಕ್ ಮಾಡಿ."

ಅವರನ್ನು ನಿಜವಾಗಿ ಕುಗ್ಗಿಸಿದ್ದು ಒಂದೇ ಆರ್ಡರ್. ತೀರಿಹೋದ ತಾತನ ಚಿತ್ರ ಬೇಕೆಂದು ಮೊಮ್ಮಗ ಗುಂಪು ಫೋಟೋ ಒಂದನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ಫಾರ್ವರ್ಡ್ ಆಗಿ ಆಗಿ ತಾತನ ಮುಖ ಹೆಸರುಕಾಳಿನಷ್ಟು. ಕಣ್ಣಿನ ಜಾಗದಲ್ಲಿ ಎರಡು ಬೂದು ಚೌಕ. ಹದಿನಾಲ್ಕು ಗಂಟೆ ಕೂತು ಬಿಡಿಸಿದ್ದಕ್ಕೆ ಬಂದ ಉತ್ತರ, "ಚೆನ್ನಾಗಿದೆ, ಆದರೆ ನಮ್ಮ ತಾತ ಅಲ್ಲ." ತನಗೆ ಕೈಚಳಕ ಇಲ್ಲ ಎಂದು ಅವರು ತೀರ್ಮಾನಿಸಿದ್ದು ಆ ದಿನ. ಹುಡುಗ ಹುಡುಕುತ್ತಿದ್ದದ್ದು ಫೋಟೋದಲ್ಲಿ ಇಲ್ಲದ ತಾತನನ್ನು. ಅದನ್ನು ಯಾವ ಪೆನ್ಸಿಲ್ಲೂ ಕೊಡಲಾರದು ಎಂಬುದನ್ನು ಸಾವಕಾಶವಾಗಿ ಮಾತಾಡಿದೆವು. ನಿಯಮವೂ ಆಯಿತು: ಫೋಟೋ "ಡಾಕ್ಯುಮೆಂಟ್" ಆಗಿಯೇ ಕಳಿಸಬೇಕು, ಇಲ್ಲದಿದ್ದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಮುಖದ ಅಗಲವೇ ಸಾವಿರ ಪಿಕ್ಸೆಲ್ ಇರಲಿ. ಹಳೆಯ ಪ್ರಿಂಟ್ ಆದರೆ 600 ಡಿಪಿಐನಲ್ಲಿ ಸ್ಕ್ಯಾನ್. ಅದೂ ಸಾಲದಿದ್ದರೆ ಆರ್ಡರ್ ಒಪ್ಪುವುದಿಲ್ಲ.

ಪ್ಯಾಕಿಂಗ್ ಅವರಿಗೆ ಗೊತ್ತಿತ್ತು, ಎರಡು ದೋಷ ಬಿಟ್ಟರೆ. ಫಿಕ್ಸೆಟಿವ್ (ಪೆನ್ಸಿಲ್ ಗೆರೆ ಅಳಿಸದಂತೆ ಹಿಡಿಯುವ ಸ್ಪ್ರೇ) ಹೊಡೆಯದೆ ಬಟರ್ ಪೇಪರ್ ಮುಚ್ಚಿದ್ದರಿಂದ ಗ್ರಾಫೈಟ್ ಒರೆಸಿಹೋಗುತ್ತಿತ್ತು. ಟೆರೇಸಿನಲ್ಲಿ, ಒಂದಡಿ ದೂರದಿಂದ, ಎರಡು ತೆಳು ಪದರ ಸಾಕು. ಚಿತ್ರದ ಹಿಂದೆ ಮುಂದೆ ಇಡುವ ಎರಡು ರಟ್ಟುಗಳ ಏಣುಗೆರೆಗಳೂ ಒಂದೇ ದಿಕ್ಕಿಗಿದ್ದರೆ ಆ ಗೆರೆಗೇ ಮಡಚುತ್ತದೆ. ಒಂದನ್ನು ಅಡ್ಡ, ಇನ್ನೊಂದನ್ನು ಉದ್ದ ಇಡಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ರಟ್ಟಿನ ಒಳಗೂ ಒಂದು, ಹೊರಗೂ ಒಂದು.

ಬಾಕಿ ಆರು ಜನಕ್ಕೆ ಅಲ್ಲೇ ಕೂತು ಒಂದೇ ಮೆಸೇಜ್ ಹೋಯಿತು: "ತಡವಾಗಿದ್ದಕ್ಕೆ ಕ್ಷಮಿಸಿ. ಹಳೆಯ ದರದಲ್ಲೇ ಮಾಡಿಕೊಡುತ್ತೇನೆ. ಭಾನುವಾರದೊಳಗೆ ಅರ್ಧ ಕಳಿಸಿದರೆ ಈ ತಾರೀಖಿಗೆ ಕೊಡುತ್ತೇನೆ, ಇಲ್ಲವಾದರೆ ಆರ್ಡರ್ ರದ್ದೆಂದು ತಿಳಿಯುತ್ತೇನೆ." ಇಬ್ಬರು ಕಳಿಸಿದರು, ಮೂವರು ಬೇಡ ಎಂದರು, ಒಬ್ಬರ ಉತ್ತರವೇ ಇಲ್ಲ. ನಾಲ್ಕು ಚಿತ್ರ ತಲೆಯಿಂದ ಇಳಿದವು.

ಕಷ್ಟವಾದದ್ದು ಚಿಕ್ಕಮ್ಮನ ವಿಷಯ. "ನಮ್ಮನೆ ಹುಡುಗಿಗೆ ದುಡ್ಡು ಕೊಡ್ಬೇಕಾ?" ಎನ್ನುವವರಿಗೆ ಫಾರಂ ಲಿಂಕ್ ಕಳಿಸಲಾದೀತೇ? ವರ್ಷಕ್ಕೆ ಎರಡು ಚಿತ್ರ ಉಡುಗೊರೆ, ಸಮಯ ತನ್ನ ಅನುಕೂಲಕ್ಕೆ ಎಂದು ಗೊತ್ತು ಮಾಡಿಕೊಂಡು, ಆಕೆ ಫೋನಿನಲ್ಲೇ ಹೇಳಿದರು: "ಚಿಕ್ಕಮ್ಮ, ನಿಮ್ಮ ಗಣಪತಿ ಚಿತ್ರ ಜನವರಿಗೆ." ಚಿಕ್ಕಮ್ಮ ಮುನಿಸಿಕೊಂಡು ಫೋನ್ ಇಟ್ಟರು.

ಆರು ವಾರದ ನಂತರದ ಭೇಟಿಯಲ್ಲಿ ನಿದ್ದೆ ಹನ್ನೆರಡರೊಳಗೆ ಬರುತ್ತಿತ್ತು. ಆ ತಿಂಗಳ ಆರು ಸ್ಲಾಟಿನಲ್ಲಿ ತುಂಬಿದ್ದು ನಾಲ್ಕೇ, ಅದರ ಆತಂಕ ಹೊಸದು. ಎಂಟರ ನಂತರ ತಾನಾಗಿ ಹೋಗುವ ಉತ್ತರ ಹೋಗುತ್ತಿದೆ. ಅದರ ಹಿಂದೆಯೇ ಇವರೂ ಒಂದು ಉತ್ತರ ಬರೆಯುತ್ತಿದ್ದಾರೆ. ಚಿಕ್ಕಮ್ಮ ಇನ್ನೂ ಮಾತು ಬಿಟ್ಟಿದ್ದಾರೆ, ಗಣಪತಿ ಮಾತ್ರ ಜನವರಿಯ ಪಟ್ಟಿಯಲ್ಲೇ ಇದೆ.